ಆರಂಭಿಕ ಹೊಟ್ಟೆ ಕ್ಯಾನ್ಸರ್ ಹಿಡಿಯುವ ಆನ್‌ಲೈನ್ ತರಬೇತಿ: ಮಾಡಿದವರು ಹೇಳಿ

ಪ್ರಶ್ನೆ: ಜಿಲ್ಲಾ ಕೇಂದ್ರವೊಂದರಲ್ಲಿ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ನಳಿಗೆ ಇಳಿಸಿ ಹೊಟ್ಟೆ ನೋಡೋದು) ಮಾಡ್ತೀನಿ. ಆರು ವರ್ಷದಲ್ಲಿ ನನ್ನ ಕಣ್ಣಿಗೆ ಬಿದ್ದ ಹೊಟ್ಟೆ ಕ್ಯಾನ್ಸರೆಲ್ಲ ಬಲಿತವೇ. ಆರಂಭದ ಹಂತದ್ದು ಒಂದೂ ಇಲ್ಲ. ಬಂದೇ ಇಲ್ಲವೋ, ನೋಡಿಯೂ ದಾಟಿಬಿಟ್ಟೆನೋ? ಜಪಾನಿನವರ ಆನ್‌ಲೈನ್ ಕೋರ್ಸ್ ಮಾಡಿದವರಿದ್ದೀರಾ? ಹಿಗ್ಗಿಸಿ ತೋರಿಸುವ ಮ್ಯಾಗ್ನಿಫೈಯಿಂಗ್ ಸ್ಕೋಪ್ ನಮ್ಮಲ್ಲಿಲ್ಲ.

ಉತ್ತರ 1: ದಾಟಿರ್ತೀರಿ ಸರ್, ನಾನೂ ದಾಟಿದ್ದೆ. ಜಪಾನಿನ ಫುಕುವೊಕಾದ ವೈದ್ಯ ಕೆನ್ಶಿ ಯಾವೊ ಅವರ ತಂಡ ಇಂಥ ಕೋರ್ಸನ್ನು ಹಲವು ದೇಶಗಳ ವೈದ್ಯರ ಮೇಲೆ ಪ್ರಯೋಗಿಸಿ 2016ರಲ್ಲಿ ಪ್ರಕಟಿಸಿತ್ತು. ಕಲಿತವರ ಅಂಕ ಕಲಿಯದವರಿಗಿಂತ ಹೆಚ್ಚು ಏರಿತ್ತು. ನಾನು ಅಂಥದ್ದೇ ಒಂದನ್ನು ರಾತ್ರಿ ಊಟ ಮುಗಿಸಿ ಕೂತು ಮಾಡಿದೆ. ಒಂದು ಚಿತ್ರ ಇನ್ನೂ ಕಣ್ಣಲ್ಲಿದೆ. ಆಂಗುಲಸ್ (ಹೊಟ್ಟೆಯ ಒಳತಿರುವು) ಹತ್ತಿರ, ಕೆಂಪು ಪೊರೆಯ ನಡುವೆ ಕಿರುಬೆರಳ ಉಗುರಿನಷ್ಟು ಪೇಲವ ಜಾಗ. ‘ಗ್ಯಾಸ್ಟ್ರೈಟಿಸ್’, ಅಂದ್ರೆ ಬರೀ ಹೊಟ್ಟೆಯ ಉರಿಯೂತ, ಅಂತ ಧೈರ್ಯವಾಗಿ ಒತ್ತಿದೆ. ಕ್ಯಾನ್ಸರ್! ಮತ್ತೆ ನೋಡಿದರೆ ಅಂಚು ಗೆರೆ ಕೊಯ್ದಹಾಗಿತ್ತು.

ಕೋರ್ಸ್ ಕೈಗೆ ಕೊಡೋದು ಎರಡೇ ಪ್ರಶ್ನೆ: ಗಡಿ ಸ್ಪಷ್ಟವಾಗಿದೆಯಾ? ಒಳಗಿನ ಬಣ್ಣ, ಮೇಲ್ಮೈ ಅಡ್ಡಾದಿಡ್ಡಿ ಇದೆಯಾ? ಎರಡಕ್ಕೂ ಹೌದು ಅಂದ್ರೆ ಬಯಾಪ್ಸಿ (ಪರೀಕ್ಷೆಗೆ ಚೂರು ತೆಗೆಯೋದು). ಇದಕ್ಕೆ ಮಾಮೂಲಿ ಬಿಳಿ ಬೆಳಕು ಸಾಕು. ಮ್ಯಾಗ್ನಿಫಿಕೇಶನ್‌ನ ರಕ್ತನಾಳದ ಪಾಠಗಳು ಸದ್ಯಕ್ಕೆ ನಿಮಗೆ ಬೇಡ, ನೋಡಿ ಆಸೆಪಡೋದಕ್ಕೆ ಮಾತ್ರ.

ಉತ್ತರ 2: ಕೋರ್ಸ್ ಆಮೇಲೆ, ಮೊದಲು ಹೊಟ್ಟೆ ತೊಳೀರಿ. ನೊರೆಯ ಕೆಳಗಿರೋದನ್ನು ಯಾವ ಪಂಡಿತನೂ ಕಾಣಲಾರ. ಸ್ಕೋಪ್‌ಗೆ ಹತ್ತಿಪ್ಪತ್ತು ನಿಮಿಷ ಮುಂಚೆ ನೀರಲ್ಲಿ ನೊರೆ ಒಡೆಯುವ ಔಷಧಿ ಸಿಮೆಥಿಕೋನ್ ಕುಡಿಸಿ. ನಮ್ಮ ಸಿಸ್ಟರ್ ‘ಇನ್ನೊಂದು ಕೆಲಸ ಹಚ್ಚಿದ್ರಿ’ ಅಂತ ವಾರವಿಡೀ ಗೊಣಗಿದರು. ಈಗ ಅವರೇ ನೆನಪಿಸ್ತಾರೆ. ಆಮೇಲೆ ಯಾವೊ ಅವರ 22 ಫೋಟೋ ಕ್ರಮ: ನೇರ ನೋಟದಲ್ಲಿ 12, ಸ್ಕೋಪ್ ಹಿಂದಕ್ಕೆ ಬಗ್ಗಿಸಿ 10. ಪ್ರತಿ ಪೇಷೆಂಟಿಗೂ ಅದೇ ಕ್ರಮ. ಬೆಳಿಗ್ಗೆ ಇಪ್ಪತ್ತು ಕೇಸ್ ಸಾಲಲ್ಲಿ ನಿಂತಿರುವಾಗ ಇದು ಕಷ್ಟ, ಒಪ್ತೀನಿ. ನಾನು ಕೊನೆಯ ಐದು ಕೇಸ್‌ಗಳಿಂದ ಶುರು ಮಾಡಿದ್ದೆ.

ಉತ್ತರ 3: ನಾನು ಪೆಥಾಲಜಿ ಕಡೆಯವಳು, ನೀವು ಕಳಿಸಿದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವಳು. ಎಷ್ಟು ಚೆನ್ನಾಗಿ ನೋಡಿದರೂ ನೀವೆಲ್ಲ ಆಂಟ್ರಮ್ಮು (ಹೊಟ್ಟೆಯ ಕೆಳಭಾಗ), ಬಾಡಿ (ನಡುಭಾಗ), ಅನುಮಾನದ ಜಾಗ, ಎಲ್ಲದರ ಚೂರನ್ನೂ ಒಂದೇ ಬಾಟ್ಲಿಗೆ ಹಾಕಿ ‘ಗ್ಯಾಸ್ಟ್ರಿಕ್ ಬಯಾಪ್ಸಿ’ ಅಂತ ಬರೆದು ಕಳಿಸ್ತೀರಿ. ಬಾಟ್ಲಿ ಬೇರೆ ಮಾಡಿ, ಜಾಗದ ಹೆಸರು ಬರೀರಿ. ಅನುಮಾನ ಇದ್ದರೆ ಒಂದು ಫೋನ್ ಹಾಕಿ, ಸ್ಲೈಡ್ ಇನ್ನೊಂದಿಷ್ಟು ಆಳಕ್ಕೆ ಕೊಯ್ಸಿ ನೋಡ್ತೀನಿ.