ಹೈಸ್ಕೂಲ್ ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್: ಹೇಗೆ ಶುರು ಮಾಡಿಸೋದು?

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಮುಂದಿನ ವರ್ಷಕ್ಕೆ ಕಂಪ್ಯೂಟರ್ ಸೈನ್ಸ್ ತಗೊಳ್ಳಮ್ಮ ಅಂದ್ರೆ ಬೋರು ಅಂತಾಳೆ. ನಾವಿಬ್ಬರೂ ಸಾಫ್ಟ್‌ವೇರಿನವರೇ, ಆದ್ರೂ ಹೇಗೆ ಶುರು ಮಾಡಿಸೋದು ಅಂತ ಗೊತ್ತಾಗ್ತಿಲ್ಲ. ತಿಳಿದವರು ಹೇಳಿ.

ಉತ್ತರ 1:

ಮೇಡಂ, ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರಿನವರಾದರೆ ಎಷ್ಟೋ ಸಲ ಅದೇ ತೊಡಕಾಗುತ್ತದೆ. ಮಗಳು ಐದು ನಿಮಿಷ ಒದ್ದಾಡುವಷ್ಟರಲ್ಲಿ ದೊಡ್ಡವರು ಕೀಬೋರ್ಡ್ ಎಳೆದುಕೊಂಡು ಸರಿಮಾಡಿಬಿಡುತ್ತಾರೆ. ಪ್ರೋಗ್ರಾಂ ಓಡುತ್ತದೆ ನಿಜ, ಆದರೆ ತಪ್ಪು ಹುಡುಕುವುದನ್ನು ಅವಳು ಕಲಿಯಲೇ ಇಲ್ಲ. ಹಾಗಾಗಿ ಕೀಬೋರ್ಡ್ ಅವಳದು ಮಾತ್ರ. ನೀವು ಪ್ರಶ್ನೆ ಕೇಳಬಹುದು, ಪರದೆಯ ಮೇಲೆ ಬೆರಳಿಟ್ಟು ತೋರಿಸಬಹುದು, ಅಷ್ಟಕ್ಕೇ ನಿಲ್ಲಿಸಿ. ಕೆಲಸ, ಸಂಬಳದ ಮಾತೂ ಈಗ ಬೇಡ. ಆ ವಯಸ್ಸಿನಲ್ಲಿ ಅದು ಕಿವಿಗೆ ಬೀಳುವುದಿಲ್ಲ.

ಕಂಪ್ಯೂಟರ್ ಮುಟ್ಟದೆಯೇ ಶುರು ಮಾಡಿ. 1ರಿಂದ 100ರೊಳಗೆ ಒಂದು ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಅವಳು ಊಹಿಸಲಿ. ನೀವು "ಹೆಚ್ಚು", "ಕಡಿಮೆ" ಅಂತ ಮಾತ್ರ ಹೇಳಿ. ಪ್ರತಿ ಸಲ ಉಳಿದದ್ದನ್ನು ಅರ್ಧ ಮಾಡುತ್ತಾ ಹೋದರೆ ಏಳು ಊಹೆಯೊಳಗೆ ಸಿಕ್ಕೇ ಸಿಗುತ್ತದೆ. ಆಮೇಲೆ ಕೇಳಿ: ಹತ್ತು ಲಕ್ಷದೊಳಗಿನ ಸಂಖ್ಯೆಯಾದರೆ ಎಷ್ಟು ಊಹೆ ಬೇಕು? 20 ಸಾಕು, ಏಕೆಂದರೆ ಇಪ್ಪತ್ತು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 10,48,576. ನೂರರಿಂದ ಹತ್ತು ಲಕ್ಷಕ್ಕೆ ಹೋದರೂ ಹದಿಮೂರೇ ಊಹೆ ಹೆಚ್ಚು. ಈ ಲೆಕ್ಕ ಕೇಳಿದಾಗ ಮಕ್ಕಳ ಮುಖ ನೋಡಬೇಕು.

ಅದೇ ಆಟವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವುದು ಮೊದಲ ಪ್ರೋಗ್ರಾಂ ಆಗಲಿ. ಪೈಥಾನ್ ಜೊತೆಗೇ ಬರುವ ಐಡಲ್ ಎಂಬ ಸರಳ ಎಡಿಟರ್ (ಕೋಡ್ ಬರೆಯುವ ಜಾಗ) ಸಾಕು. ದೊಡ್ಡ ಎಡಿಟರ್‌ಗಳ ಸೆಟಪ್‌ನಲ್ಲೇ ಮೊದಲ ವಾರದ ಉತ್ಸಾಹ ಇಳಿದುಹೋಗುತ್ತದೆ. ಇಪ್ಪತ್ತೈದು ಸಾಲಿನೊಳಗೆ ಮುಗಿಯುವ ಈ ಆಟದಲ್ಲಿ ಮೂರು ಕಡೆ ಎಡವುವುದು ಹೆಚ್ಚುಕಡಿಮೆ ಖಚಿತ.

ಒಂದು, ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಇನ್‌ಪುಟ್ ಕೊಡುವುದು ಸಂಖ್ಯೆಯನ್ನಲ್ಲ, ಸ್ಟ್ರಿಂಗನ್ನು, ಅಂದರೆ ಬರಿಯ ಅಕ್ಷರಗಳ ಸರಣಿಯನ್ನು. "ಹೆಚ್ಚೋ ಕಡಿಮೆಯೋ" ಅಂತ ಹೋಲಿಸಲು ಹೋದರೆ ಟೈಪ್‌ಎರರ್ ಬರುತ್ತದೆ, ಅದು ಒಳ್ಳೆಯದೇ. ಆದರೆ "ಸಮವೇ?" ಎಂಬುದನ್ನಷ್ಟೇ ಮೊದಲು ಬರೆದಿದ್ದರೆ ಎರರ್ ಏನೂ ಬರುವುದಿಲ್ಲ. ಸರಿಯಾದ ಸಂಖ್ಯೆ ಹೇಳಿದರೂ ಆಟ ಮುಗಿಯುವುದೇ ಇಲ್ಲ. ಪರಿಹಾರ ಸ್ಟ್ರಿಂಗನ್ನು ಸಂಖ್ಯೆಯಾಗಿಸುವ ಇಂಟ್ ಹಾಕುವುದು, ಆದರೆ ಅದನ್ನು ನೀವು ಹೇಳಬೇಡಿ. ಬಂದ ಉತ್ತರದ ಟೈಪ್ ಏನು ಅಂತ ಪ್ರಿಂಟ್ ಮಾಡಿ ನೋಡು ಅನ್ನಿ. ಎರಡು, ಯಾವುದೋ ಒಂದು ಸಂಖ್ಯೆ ಆರಿಸಿಕೊಡುವ ರ‍್ಯಾಂಡ್‌ಇಂಟ್‌ಗೆ 1, 100 ಕೊಟ್ಟರೆ 100 ಕೂಡ ಸೇರುತ್ತದೆ, ಸಂಖ್ಯೆಗಳ ಸರಣಿ ಕೊಡುವ ರೇಂಜ್‌ಗೆ ಅದನ್ನೇ ಕೊಟ್ಟರೆ 99ಕ್ಕೇ ನಿಲ್ಲುತ್ತದೆ. ಮೂರು, ಊಹೆ ಎಣಿಸುವ ವೇರಿಯಬಲ್‌ಗೆ ಸೊನ್ನೆ ಹಾಕುವ ಸಾಲು ಲೂಪಿನ (ಮತ್ತೆ ಮತ್ತೆ ನಡೆಯುವ ಭಾಗದ) ಒಳಗೆ ಸೇರಿಬಿಡುತ್ತದೆ, ಎಣಿಕೆ ಯಾವಾಗಲೂ 1 ಅಂತಲೇ ತೋರಿಸುತ್ತದೆ.

ಎರರ್ ಬಂದಾಗ ಕೊನೆಯ ಸಾಲಿನಿಂದ ಓದುವುದನ್ನು ಕಲಿಸಿ. ಏನು ತಪ್ಪಾಯಿತು ಅನ್ನುವುದು ಅಲ್ಲಿರುತ್ತದೆ, ಎಷ್ಟನೇ ಸಾಲು ಅನ್ನುವುದು ಅದರ ಮೇಲೆ. ಜೋರಾಗಿ ಓದಿ, ಕನ್ನಡದಲ್ಲಿ ನಿಮಗೆ ವಿವರಿಸಲಿ.

ಎರಡು ಮೂರು ತಿಂಗಳ ನಂತರಕ್ಕೆ ನಮ್ಮ ಮಕ್ಕಳಿಗೆ ಹೇಳಿಮಾಡಿಸಿದ ಒಂದು ಪ್ರಾಜೆಕ್ಟ್ ಇದೆ. "ಶಾಲೆ" ಎಂಬ ಪದದ ಉದ್ದ ಎಷ್ಟು ಅಂತ ಪೈಥಾನನ್ನು ಕೇಳಿದರೆ 4 ಅನ್ನುತ್ತದೆ. ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ಶ, ದೀರ್ಘದ ಚಿಹ್ನೆ, ಲ, ಎತ್ವ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ ಇರುವುದೇ ಕಾರಣ (ಕ ಅಕ್ಷರದ ಸಂಖ್ಯೆ 3221). ಪದವನ್ನು ತಿರುಗಿಸಿ ಬರೆಸಿದರೆ ಎತ್ವ ಒಂಟಿಯಾಗಿ ಮುಂದೆ ಬಂದು ನಿಲ್ಲುತ್ತದೆ, ದೀರ್ಘ ಲ ಮೇಲೆ ಕೂರುತ್ತದೆ. ಈಗ ಅಕ್ಷರಗಳನ್ನು ಸರಿಯಾಗಿ ಎಣಿಸುವ ಪ್ರೋಗ್ರಾಂ ಬರೆಯಲಿ: ಚಿಹ್ನೆಗಳನ್ನು ಎಣಿಸಬಾರದು, ಅರ್ಧಾಕ್ಷರದ ಚಿಹ್ನೆಯ ಬೆನ್ನಿಗೆ ಬರುವ ವ್ಯಂಜನವನ್ನೂ ಎಣಿಸಬಾರದು. "ಅಕ್ಷರ" ಕೊಟ್ಟರೆ 3 ಬರಬೇಕು. "ಗಂಗೆ"ಗೆ 3 ಬಂದರೆ ಅನುಸ್ವಾರ ಮರೆತಿದ್ದಾಳೆ ಅಂತ ಅರ್ಥ. ಇದು ಕೂತರೆ ಲಘು ಗುರು ಹಾಕುವ ಪ್ರೋಗ್ರಾಂ ದೂರವಿಲ್ಲ. ದೀರ್ಘ, ಅನುಸ್ವಾರ, ವಿಸರ್ಗ, ಒತ್ತಕ್ಷರದ ಹಿಂದಿನದು ಗುರು, ಹೀಗೆ ನಿಯಮಗಳೆಲ್ಲ ಸಿದ್ಧವಾಗಿಯೇ ಇವೆ. ಕಂಪ್ಯೂಟರ್ ಸೈನ್ಸ್ ಜೊತೆಗೆ ಕನ್ನಡವೂ ಕೈಗೆ ಹತ್ತುತ್ತದೆ.

ಉತ್ತರ 2:

ಸರ್ ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ಎಐ ಚಾಟ್‌ಗೆ ಕೇಳಬೇಡ ಅಂದರೆ ಈಗಿನ ಮಕ್ಕಳು ಕೇಳದೆ ಇರುವುದಿಲ್ಲ. ನಿಯಮ ಹೀಗಿಡಿ: ಮೊದಲ ಇಪ್ಪತ್ತು ನಿಮಿಷ ಸ್ವಂತ ಪ್ರಯತ್ನ. ಆಮೇಲೆ ಈ ಎರರ್ ಯಾಕೆ ಬಂತು ಅಂತ ಕೇಳಬಹುದು, ಕೋಡ್ ಬರೆದುಕೊಡು ಅನ್ನಬಾರದು. ಮಾರನೇ ದಿನ ಅದೇ ಪ್ರೋಗ್ರಾಂ ಅನ್ನು ಖಾಲಿ ಫೈಲಿನಲ್ಲಿ ಏನೂ ನೋಡದೆ ಬರೆಯಬೇಕು. ಬರದಿದ್ದರೆ ಕಲಿತಿಲ್ಲ, ಬೈಯದೆ ಮತ್ತೆ ಅಲ್ಲಿಂದಲೇ ಶುರು.

ಒಲಿಂಪಿಯಾಡ್ ಆತುರ ಬೇಡ. 1989ರಿಂದ ನಡೆಯುತ್ತಿರುವ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ (ಶಾಲಾ ಮಕ್ಕಳ ಪ್ರೋಗ್ರಾಮಿಂಗ್ ಸ್ಪರ್ಧೆ) ಒಳ್ಳೆಯದೇ, ಆದರೆ ಅಲ್ಲಿ ಬೇಕಾಗುವುದು ಸಿ ಪ್ಲಸ್ ಪ್ಲಸ್ ಭಾಷೆ ಮತ್ತು ವೇಗದ ಲೆಕ್ಕಾಚಾರ. ಹತ್ತು ಲಕ್ಷ ಸಂಖ್ಯೆಗಳ ಮೇಲೆ ಲೂಪಿನೊಳಗೆ ಲೂಪ್ ಹಾಕಿದರೆ ಲಕ್ಷ ಕೋಟಿ ಹೆಜ್ಜೆ, ಸಮಯದ ಮಿತಿಯೊಳಗೆ ಮುಗಿಯುವುದಿಲ್ಲ. ಇದು ಯಾಕೆ ಅಂತ ತಾನೇ ಲೆಕ್ಕ ಹಾಕುವಷ್ಟಾದ ಮೇಲೆ ನೋಡೋಣ.

"ಬೋರು" ಅನ್ನುವುದರ ಹಿಂದೆ ತರಗತಿಯಲ್ಲಿ ತಾನೊಬ್ಬಳೇ ಹುಡುಗಿ ಆಗಿಬಿಡುತ್ತೇನೆ ಅನ್ನುವ ಅಂಜಿಕೆಯೂ ಇರಬಹುದು, ಮೆಲ್ಲಗೆ ಕೇಳಿ ನೋಡಿ. ಗೆಳತಿಯೊಬ್ಬಳು ಜೊತೆಗೆ ಸೇರಿದರೆ ಬಹಳ ಹಗುರಾಗುತ್ತದೆ. ವಿಷಯ ಆಯ್ಕೆಗೆ ಮುಂಚೆ ಶಾಲೆಯ ಟೀಚರ್ ಹತ್ತಿರ ವಿಚಾರಿಸಿ: ಯಾವ ಭಾಷೆಯಲ್ಲಿ ಕಲಿಸುತ್ತಾರೆ, ಪ್ರಾಜೆಕ್ಟಿಗೆ ಎಷ್ಟು ಅಂಕ, ಪರೀಕ್ಷೆಯಲ್ಲಿ ಕಾಗದದ ಮೇಲೆ ಕೋಡ್ ಬರೆಯಬೇಕೋ ಅಂತ. ಕಾಗದ ಅಂದರೆ ಈಗಿನಿಂದಲೇ ವಾರಕ್ಕೊಂದು ಪ್ರೋಗ್ರಾಂ ಪೆನ್ಸಿಲ್‌ನಲ್ಲಿ ಬರೆಸಿ. ಪಕ್ಕದಲ್ಲಿ ಗೆರೆ ಎಳೆದು, ಪ್ರತಿ ಸಾಲಿನ ನಂತರ ಯಾವ ವೇರಿಯಬಲ್‌ನಲ್ಲಿ ಏನಿದೆ ಅಂತ ತುಂಬಿಸುತ್ತಾ ಹೋಗಲಿ.