ಮಗ ದಪ್ಪಗಾದರೆ ತಪ್ಪು ಯಾರದ್ದು?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಬ್ಬರು ತಾಯಿ): ಡಾಕ್ಟ್ರೇ, ಮಗನಿಗೆ 9 ವರ್ಷ. ಎತ್ತರ 132 ಸೆಂ.ಮೀ., ತೂಕ 41 ಕೆ.ಜಿ. ಬೇಕರಿ ತಿಂಡಿ ತಿನ್ನಿಸಿ ನಾನೇ ಹಾಳು ಮಾಡಿದೆ ಅಂತ ಅತ್ತೆ ಹೇಳುತ್ತಾರೆ. ಸಂಜೆ ಬಸ್ಸಿಳಿದ ಕೂಡಲೇ ಅವನ ಕೈಗೆ ಬಿಸ್ಕತ್ತಿನ ಪ್ಯಾಕೆಟ್ ಕೊಡುವುದು ಅವರೇ! ಗಂಡ ದುಬೈಯಲ್ಲಿ. ಬಂದಾಗ ಪೆಟ್ಟಿಗೆ ತುಂಬ ಚಾಕಲೇಟ್. ತಪ್ಪು ಯಾರದ್ದು?

ಉತ್ತರ (ಮಕ್ಕಳ ಡಾಕ್ಟರ್): ಹುಡುಗನದ್ದಂತೂ ಅಲ್ಲ. ಅಂಗಡಿಗೆ ದುಡ್ಡು ಕೊಡುವವನು ಅವನಲ್ಲವಲ್ಲ. ಚಾರ್ಟ್ ಪ್ರಕಾರ ಈ ತೂಕ ಬೊಜ್ಜಿನ ಲೆಕ್ಕಕ್ಕೇ ಬರುತ್ತದೆ. ಆದರೆ ನಿಮ್ಮೊಬ್ಬರ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಮಕ್ಕಳು ಗುಡ್ಡೆ ಹತ್ತಿ ಇಳಿದು ಶಾಲೆಗೆ ಹೋಗುತ್ತಿದ್ದರು. ಈಗ ಬಸ್ಸು ಗೇಟಿನ ಬುಡಕ್ಕೇ ಬರುತ್ತದೆ. ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್ ಇತ್ತು, ಆ ಗದ್ದೆಯಲ್ಲಿ ಈಗ ಅಡಿಕೆ ಗಿಡ. ಮತ್ತೆ ಎಲ್ಲಿ ಓಡಬೇಕು ಅವನು?

ಸರಕಾರವೂ ಸುಮ್ನೆ ಕೂತಿಲ್ಲ ಅನ್ನಿ. 2016ರಲ್ಲಿ ಕೇರಳ ಬರ್ಗರ್, ಪಿಜ್ಜಾಗಳ ಮೇಲೆ 14.5% ತೆರಿಗೆ ಹಾಕಿತು. ಅದು ಬ್ರಾಂಡೆಡ್ ಹೋಟೆಲುಗಳಿಗೆ ಮಾತ್ರ. ನಮ್ಮ ಪೇಟೆಯ ಪಫ್ಸ್‌ಗೆ ಬಿಸಿ ತಟ್ಟಲೇ ಇಲ್ಲ, ಮರುವರ್ಷ ಜಿಎಸ್‌ಟಿ ಬಂದು ಅದೂ ಹೋಯಿತು. ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿಂಡಿ ಮಕ್ಕಳಿಗೆ ಮಾರಬಾರದು ಅಂತ 2020ರ ನಿಯಮವೂ ಇದೆ. ಸಂಜೆ ನಾಲ್ಕಕ್ಕೆ ಶಾಲೆ ಎದುರು ನಿಂತು ನೋಡಿ, ಗೊತ್ತಾಗುತ್ತದೆ.

250 ಮಿ.ಲೀ. ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ, ಆರು ಚಮಚ ಆಯಿತಲ್ವಾ? ಚಹಾಕ್ಕೆ ಅಷ್ಟು ಹಾಕಿದರೆ ನೀವೇ ಉಗುಳುತ್ತೀರಿ. ಮೊದಲು ಅದನ್ನು ನಿಲ್ಲಿಸಿ. ಊಟ ಬಿಡಿಸಬೇಡಿ. ಬೆಳೆಯುವ ಮಗು, ತೂಕ ಇಷ್ಟರಲ್ಲೇ ನಿಂತು ಎತ್ತರ ಏರಿದರೂ ಒಳ್ಳೆಯದೇ. ಕತ್ತಿನ ಹಿಂದೆ ತಿಕ್ಕಿದರೂ ಹೋಗದ ಕಪ್ಪು ಇದ್ದರೆ ಮಾತ್ರ ತಡ ಮಾಡದೆ ತೋರಿಸಿ. ಅದು ಕೊಳೆಯಲ್ಲ, ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನುವ ಸೂಚನೆ.

ಕುಂಬಳೆಯಿಂದ ಒಬ್ಬರು: ನಮ್ಮಲ್ಲಿ ಎಲ್ಲರೂ ದಪ್ಪವೇ. ವಂಶದ್ದೋ ಥೈರಾಯ್ಡೋ ಇರಬಹುದಲ್ವಾ?

ಉತ್ತರ: ವಂಶದ ಪಾಲು ಇದೆ. ಆದರೆ ಇಪ್ಪತ್ತು ವರ್ಷದಲ್ಲಿ ವಂಶ ಬದಲಾಗುವುದಿಲ್ಲ, ಬದಲಾದದ್ದು ತಟ್ಟೆ. ಎತ್ತರ ಸರಿಯಾಗಿ ಬೆಳೆಯುತ್ತಿದ್ದರೆ ಥೈರಾಯ್ಡ್ ಸಾಧ್ಯತೆ ಕಡಿಮೆ.

ಬದಿಯಡ್ಕದ ತಾಯಿ: ಅತ್ತೆಗೆ ಇದೆಲ್ಲ ಓದಿ ಹೇಳಿದೆ. ಬಿಸ್ಕತ್ತು ಬಿಡುತ್ತಾರಂತೆ. "ಹಲಸಿನ ಹಪ್ಪಳ ಆದೀತಾ ಕೇಳು" ಅಂದರು.

ಉತ್ತರ: ಕರಿದದ್ದಾದರೆ ಒಂದು. ಕೆಂಡದಲ್ಲಿ ಸುಟ್ಟು ಕೊಟ್ಟರೆ ಮೂರು. ಅವನ ಜೊತೆ ತೋಟಕ್ಕೆ ಒಂದು ಸುತ್ತು ಅವರೂ ಹೋಗಲಿ.