ಮೊಮ್ಮಕ್ಕಳನ್ನು ವಂಡರ್‌ಲಾಗೆ ಕರೆದೊಯ್ಯಬೇಕು: ಕುಮಟಾದಿಂದ ಹೇಗೆ, ಎಷ್ಟು ದಿನ?

ಕುಮಟಾ ಅಕ್ಕೋರು (ನಿವೃತ್ತ)

ಎಪ್ರಿಲ್ ಕೊನೆಗೆ ಪುಣೆಯಿಂದ ಮೂವರು ಮೊಮ್ಮಕ್ಕಳು ರಜೆಗೆ ಬರುತ್ತಾರೆ. ದೊಡ್ಡವಳಿಗೆ ಹತ್ತೂವರೆ, ನಡುವಿನವನಿಗೆ ಏಳು, ಸಣ್ಣವನಿಗೆ ನಾಲ್ಕು. ಈ ಸಲ ಅಜ್ಜ-ಅಜ್ಜಿಯ ಲೆಕ್ಕದಲ್ಲಿ ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕಿಗೆ ಕರೆದುಕೊಂಡು ಹೋಗುವುದೆಂದು ಆಗಿದೆ. ಅಪ್ಪ-ಅಮ್ಮ ಬರುವುದಿಲ್ಲ. ನನಗೆ 63, ಯಜಮಾನರಿಗೆ 68. ಅವರಿಗೆ ಮಂಡಿ ನೋವು, ಬಿಪಿ ಮಾತ್ರೆ ಇದೆ. ಕೇಳಬೇಕಾದ್ದು ಇಷ್ಟು: ಟಿಕೆಟ್ ವಯಸ್ಸಿನ ಮೇಲೋ ಎತ್ತರದ ಮೇಲೋ? ಆಟ ಆಡದ ನಮಗೂ ಟಿಕೆಟ್ ಬೇಕೇ? ರೈಲಿನಲ್ಲಿ ರಾತ್ರಿ ಹೋಗಿ, ದಿನವಿಡೀ ಆಡಿಸಿ, ಅದೇ ರಾತ್ರಿ ಹೊರಟು ಬರಲು ಸಾಧ್ಯವೇ?

---

ಕೆಂಗೇರಿ ಕಡೆಯವ

ಅಕ್ಕೋರೇ, ಟಿಕೆಟ್ ಎತ್ತರದ ಮೇಲೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದ್ದು. 85 ಅಂದರೆ ಹೆಚ್ಚುಕಮ್ಮಿ ಎರಡು ವರ್ಷದ ಕೂಸು, ಹಾಗಾಗಿ ನಿಮ್ಮ ನಾಲ್ಕು ವರ್ಷದವನಿಗೂ ಟಿಕೆಟ್ ಆಗುತ್ತದೆ. ತಲೆಬಿಸಿ ಇರುವುದು ದೊಡ್ಡವಳದ್ದು. ಹತ್ತೂವರೆಯ ಹೆಣ್ಣುಮಕ್ಕಳು 140ರ ಆಸುಪಾಸಿನಲ್ಲೇ ಇರುತ್ತಾರೆ. ಬುಕ್ ಮಾಡುವ ಮೊದಲು ಸರಿಯಾಗಿ ಅಳೆಯಿರಿ: ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ಜಡೆ ಬಿಚ್ಚಿರಬೇಕು, ನೆತ್ತಿಯ ಮೇಲೆ ದಪ್ಪ ರಟ್ಟಿನ ಪುಸ್ತಕ ಅಡ್ಡ ಇಟ್ಟು ಗೋಡೆಗೆ ಪೆನ್ಸಿಲ್ ಗೆರೆ. ಬೆಳಿಗ್ಗೆ ಎದ್ದಾಗಿನ ಎತ್ತರ ಸಂಜೆಗೆ ಒಂದು ಸೆಂ.ಮೀ.ವರೆಗೂ ಇಳಿಯುತ್ತದೆ, ಅದಕ್ಕೇ ಹನ್ನೊಂದು ಗಂಟೆ ಹೊತ್ತಿಗೆ ಅಳೆಯುವುದು ಒಳ್ಳೆಯದು. ಮಕ್ಕಳ ಟಿಕೆಟ್ ತೆಗೆದು ಗೇಟಿನಲ್ಲಿ 141 ಬಂದರೆ ಅಲ್ಲೇ ವ್ಯತ್ಯಾಸದ ಹಣ ಕಟ್ಟಬೇಕು. ಇನ್ನೊಂದು ತಮಾಷೆ ಏನೆಂದರೆ, ದೊಡ್ಡ ರೋಲರ್ ಕೋಸ್ಟರಿಗೆ ಬಿಡುವುದೂ ಅದೇ 140ರ ಹತ್ತಿರದ ಗೆರೆಯ ಮೇಲೆ. 138 ಇದ್ದರೆ ದುಡ್ಡು ಉಳಿಯಿತು, ಹುಡುಗಿಯ ಮೋರೆ ಸಪ್ಪಗಾಯಿತು. ಇದನ್ನು ಮನೆಯಲ್ಲೇ ಅವಳಿಗೆ ಹೇಳಿಬಿಡಿ. ಕ್ಯೂ ಮುಗಿಸಿ ಮುಂದೆ ಬಂದಮೇಲೆ ಅಳತೆ ಕೋಲಿನ ಎದುರು ನಿಲ್ಲಿಸಿ ವಾಪಸು ಕಳಿಸಿದರೆ ಆ ಮಧ್ಯಾಹ್ನವೇ ಹಾಳು.

ಆಡದಿದ್ದರೂ ಒಳಗೆ ಹೋಗಲು ಟಿಕೆಟ್ ಬೇಕೇ ಬೇಕು. 60 ದಾಟಿದವರಿಗೆ ಹಿರಿಯ ನಾಗರಿಕರ ಟಿಕೆಟ್ ಬೇರೆ ಇದೆ, ಕಡಿಮೆ ದರ. ನಿಮ್ಮಿಬ್ಬರಿಗೂ ಅದನ್ನೇ ಆರಿಸಿ, ವಯಸ್ಸಿನ ದಾಖಲೆ ಕೈಯಲ್ಲಿರಲಿ. ದರ ವಾರದ ದಿನ, ವಾರಾಂತ್ಯ, ರಜಾಕಾಲ ಎಂದು ಬದಲಾಗುತ್ತದೆ. ಮಂಗಳವಾರ-ಬುಧವಾರ ನೋಡಿ. ಟಿಕೆಟ್ ಮೊತ್ತದ ಇನ್ನರ್ಧದಷ್ಟು ಊಟ, ಲಾಕರ್, ಬಟ್ಟೆ ಎಂದು ಬೇರೆ ತೆಗೆದಿಡಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ತೊಡೆದೇವು, ಚಕ್ಕುಲಿ ಡಬ್ಬಿ ರೂಮಿನಲ್ಲೇ ಇರಲಿ.

ನೀರಿನ ಆಟಕ್ಕೆ ಹತ್ತಿ ಬಟ್ಟೆ ನಡೆಯುವುದಿಲ್ಲ. ನೈಲಾನ್ ಅಥವಾ ಲೈಕ್ರಾ ಈಜುಡುಪೇ ಆಗಬೇಕು. ಸೀರೆ, ಪಂಚೆ, ಜೀನ್ಸ್ ಉಟ್ಟವರನ್ನು ನೀರಿಗೆ ಬಿಡುವುದಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಜಾರುಗೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದರ ಎಳೆ ಫಿಲ್ಟರಿಗೂ ಹೋಗುತ್ತದೆ. ಅಲ್ಲಿ ಅಂಗಡಿ ಇದೆ, ಆದರೆ ಊರಲ್ಲೇ ತೆಗೆದುಕೊಂಡರೆ ಅಗ್ಗ. ಒಬ್ಬೊಬ್ಬರಿಗೆ ಒಂದು ಈಜುಡುಪು, ಎರಡು ಟವೆಲ್, ಒಂದು ಜೊತೆ ಒಣ ಒಳಉಡುಪು, ರಬ್ಬರ್ ಚಪ್ಪಲಿ. ಎಪ್ರಿಲ್ ಬಿಸಿಲಿಗೆ ಕಾಲಡಿಯ ನೆಲ ಸುಡುತ್ತದೆ, ಒಂದು ಆಟದಿಂದ ಇನ್ನೊಂದಕ್ಕೆ ನಡೆಯುವಾಗ ಚಪ್ಪಲಿ ಇಲ್ಲದಿದ್ದರೆ ಸಣ್ಣವನನ್ನು ನೀವೇ ಎತ್ತಿಕೊಳ್ಳಬೇಕಾದೀತು. ಪಾರ್ಕ್ 82 ಎಕರೆ ಇದೆ, ನೆನಪಿರಲಿ.

---

ಪಂಚಗಂಗಾ ಕಾಯಂ

ರೈಲಿನ ವಿಷಯ ನಾನು ಹೇಳುತ್ತೇನೆ. ಅದೇ ರಾತ್ರಿ ವಾಪಸು ಬರುವ ಆಲೋಚನೆ ಬಿಟ್ಟುಬಿಡಿ. ಕಾರವಾರದಿಂದ ಬರುವ ಪಂಚಗಂಗಾ (16596) ಸಂಜೆ ಕುಮಟಾ ಬಿಟ್ಟರೆ ಬೆಳಿಗ್ಗೆ ಬೆಂಗಳೂರು. ಪಾರ್ಕ್ ತೆರೆಯುವುದು ಹನ್ನೊಂದಕ್ಕೆ. ವಾಪಸಿನ 16595 ಮೆಜೆಸ್ಟಿಕ್‌ನಿಂದ ಹೊರಡುವುದು ಸಂಜೆ ಏಳಕ್ಕೂ ಮೊದಲು. ಪಾರ್ಕ್ ಮುಚ್ಚುವುದು ಆರರ ಮೇಲೆ. ಬಿಡದಿಯಿಂದ ಮೆಜೆಸ್ಟಿಕ್‌ಗೆ ಸುಮಾರು 30 ಕಿ.ಮೀ., ಸಂಜೆಯ ಮೈಸೂರು ರಸ್ತೆಯಲ್ಲಿ ಒಂದೂವರೆ ತಾಸು ಹಿಡಿಯಿರಿ. ರೈಲು ಹಿಡಿಯಬೇಕೆಂದರೆ ನಾಲ್ಕು ಗಂಟೆಗೇ ಮಕ್ಕಳನ್ನು ನೀರಿನಿಂದ ಎಳೆಯಬೇಕು, ಅಳು ಉಚಿತ. ಹೋದ ದಿನ ವಿಶ್ರಾಂತಿ, ಮಾರನೇ ದಿನ ಪಾರ್ಕ್, ಮೂರನೇ ದಿನ ಸಂಜೆ ರೈಲು. ಎರಡು ರಾತ್ರಿ ವಸತಿ. ಪಾರ್ಕಿಗೆ ತಾಗಿಯೇ ಅವರದೇ ರೆಸಾರ್ಟ್ ಇದೆ. ದುಬಾರಿ ಅನಿಸಿದರೆ ಬಿಡದಿ, ಕೆಂಗೇರಿಯಲ್ಲಿ ಲಾಡ್ಜ್ ನೋಡಿ. ಮಲ್ಲೇಶ್ವರದ ನೆಂಟರ ಮನೆಯಲ್ಲಿ ಉಳಿದು ಹೋಗಿಬರುತ್ತೇವೆ ಎನ್ನಬೇಡಿ, ಎರಡೂ ಕಡೆ ನಗರ ದಾಟುವುದರಲ್ಲೇ ದಿನ ಹೋಗುತ್ತದೆ.

ರೈಲಿನ ಬುಕಿಂಗ್: 60 ದಿನ ಮೊದಲು ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ತೆರೆದ ದಿನ ಆನ್‌ಲೈನ್ ಬುಕಿಂಗ್ ಆಧಾರ್ ದೃಢೀಕರಿಸಿದ ಐಆರ್‌ಸಿಟಿಸಿ (ರೈಲ್ವೆ ಟಿಕೆಟ್ ತಾಣ) ಖಾತೆಗಳಿಗೆ ಮಾತ್ರ. ಖಾತೆಗೆ ಆಧಾರ್ ಜೋಡಿಸುವ ಕೆಲಸ ಇವತ್ತೇ ಮುಗಿಸಿ, ಆ ದಿನ ಬೆಳಿಗ್ಗೆ ಒಟಿಪಿ ಬರಲಿಲ್ಲ ಎಂದು ಕುಳಿತುಕೊಳ್ಳಬೇಡಿ.

ಹೆಚ್ಚಿನವರು ಎಡವುವುದು ಬರ್ತ್ ವಿಷಯದಲ್ಲಿ. ಹಿರಿಯ ನಾಗರಿಕರ ಕೆಳ ಬರ್ತ್ ಕೋಟಾ ಸಿಗುವುದು ಒಬ್ಬರು ಅಥವಾ ಇಬ್ಬರೇ ಅರ್ಹರು ಒಂದು ಟಿಕೆಟಿನಲ್ಲಿ ಇದ್ದಾಗ: ಗಂಡಸರಿಗೆ 60, ಹೆಂಗಸರಿಗೆ 45 ದಾಟಿರಬೇಕು. ಅದೇ ಪಿಎನ್‌ಆರ್‌ಗೆ ಮಕ್ಕಳನ್ನು ಸೇರಿಸಿದಿರೋ, ಕೋಟಾ ಲೆಕ್ಕಕ್ಕೇ ಬರುವುದಿಲ್ಲ. ಹಾಗೆಂದು ನೀವಿಬ್ಬರು ಬೇರೆ, ಮಕ್ಕಳು ಬೇರೆ ಮಾಡಿದರೆ ಮಕ್ಕಳ ಬರ್ತ್ ಇನ್ನೊಂದು ಬೋಗಿಗೆ ಹೋಗಬಹುದು. ನನ್ನ ಸಲಹೆ, ಎಲ್ಲರೂ ಒಂದೇ ಪಿಎನ್‌ಆರ್‌ನಲ್ಲಿ ಸಾಮಾನ್ಯ ಕೋಟಾ, ಜೊತೆಗೆ 'ಕನಿಷ್ಠ ಒಂದು ಕೆಳ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು' ಎಂಬ ಆಯ್ಕೆಗೆ ಗುರುತು ಹಾಕಿ. ಆ ಕೆಳಗಿನದು ಮಂಡಿ ನೋವಿನವರಿಗೆ. ಐದು ತುಂಬದ ಸಣ್ಣವನಿಗೆ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. ಏಳರವನಿಗೆ ಬರ್ತ್ ಬೇಡ ಎಂದರೆ ಅರ್ಧ, ಬೇಕೆಂದರೆ ಪೂರ್ತಿ. ರಾತ್ರಿಯಿಡೀ ಪ್ರಯಾಣ, ಅರ್ಧ ಟಿಕೆಟಿನ ಉಳಿತಾಯ ನಿಮ್ಮ ಸೊಂಟಕ್ಕೆ ಬೀಳುತ್ತದೆ, ಪೂರ್ತಿ ತೆಗೆಯಿರಿ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ, ಹುಡುಕಬೇಡಿ.

ಘಟ್ಟದ ಮೇಲಿನವರು ಓದುತ್ತಿದ್ದರೆ: ಶಿರಸಿಗೆ ರೈಲಿಲ್ಲ, ಆದರೆ ಸಿದ್ದಾಪುರ ದಾಟಿ ತಾಳಗುಪ್ಪಕ್ಕೆ ಬಂದರೆ ರಾತ್ರಿಯ ಮೈಸೂರು ರೈಲು ಬೆಂಗಳೂರಿನ ಮೇಲೆಯೇ ಹೋಗುತ್ತದೆ. ಬಸ್ಸಾದರೆ ಶಕ್ತಿ ಯೋಜನೆ ಸಾಮಾನ್ಯ, ವೇಗದೂತ ಬಸ್ಸಿಗೆ ಮಾತ್ರ, ಸ್ಲೀಪರ್‌ಗೆ ಇಲ್ಲ. ಎಂಟೊಂಬತ್ತು ತಾಸು ಮಕ್ಕಳೊಂದಿಗೆ ಕೂತೇ ಹೋಗುವಷ್ಟು ಆ ಉಳಿತಾಯ ದೊಡ್ಡದಲ್ಲ.

---

ಮುಂಡಗೋಡ ರಸ್ತೆ

ಎಲ್ಲರೂ ಹೇಗೆ ಹೋಗುವುದು ಎಂದು ಹೇಳುತ್ತಿದ್ದೀರಿ, ಹೋಗಬೇಕೇ ಎಂದು ಯಾರೂ ಕೇಳಲಿಲ್ಲ. ನಾಲ್ಕು ವರ್ಷದವನು ಸುಮಾರು 100 ಸೆಂ.ಮೀ. ಇರುತ್ತಾನೆ. ಅಲ್ಲಿನ ಅರವತ್ತಕ್ಕೂ ಹೆಚ್ಚು ಆಟಗಳಲ್ಲಿ ಅವನ ಪಾಲಿಗೆ ಬರುವುದು ಮಕ್ಕಳ ಚಕ್ರ, ಸಣ್ಣ ಕೊಳ ಇಂಥವು. ಅಷ್ಟಕ್ಕೆ ಎರಡು ರಾತ್ರಿ ರೈಲು, ಎರಡು ರಾತ್ರಿ ಲಾಡ್ಜ್. ದೊಡ್ಡವಳು ಆಡುವುದೇ ಬೇರೆ ಕಡೆ. ಇಬ್ಬರು ಹಿರಿಯರು ಮೂರು ಮಕ್ಕಳು ಎಂದಾಗ ಒಬ್ಬರು ಯಾವಾಗಲೂ ಒಂಟಿಯಾಗುತ್ತಾರೆ, ಅಥವಾ ಒಂದು ಮಗು ಅಳುತ್ತದೆ.

ಅದಕ್ಕಿಂತ ಹತ್ತಿರದಲ್ಲಿ ಎರಡು ಜಾಗ ಇವೆ. ಒಂದು ಮಂಗಳೂರಿನ ಪಿಲಿಕುಳ: ಪ್ರಾಣಿಗಳು, ಕೆರೆಯಲ್ಲಿ ದೋಣಿ, ವಿಜ್ಞಾನ ಕೇಂದ್ರ, ತಾರಾಲಯ, ಪಕ್ಕದಲ್ಲೇ ಮಾನಸ ನೀರಿನ ಪಾರ್ಕ್. ನಾಲ್ಕಕ್ಕೂ ಹತ್ತಕ್ಕೂ ಒಂದೇ ಆವರಣದಲ್ಲಿ ಕೆಲಸ ಇದೆ. ಸೋಮವಾರ ರಜೆ. ಕುಮಟಾದಿಂದ ಬೆಳಗಿನ ರೈಲು ಹಿಡಿದರೆ ಒಂದು ರಾತ್ರಿ ಉಳಿದರೆ ಸಾಕು. ಇನ್ನೊಂದು ಶಿಗ್ಗಾಂವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಹೆದ್ದಾರಿಯ ಬದಿಗೇ. ಹಳ್ಳಿಯ ಬದುಕಿನ ಆಳೆತ್ತರದ ಶಿಲ್ಪಗಳು: ಹಂತಿ, ಬಾವಿಕಟ್ಟೆ, ಸಂತೆ. ಇಲ್ಲಿ ವಿವರಿಸುವ ಕೆಲಸ ಅಜ್ಜ-ಅಜ್ಜಿಯದ್ದು, ಗೂಗಲ್‌ನದ್ದಲ್ಲ. ಶಿರಸಿ-ಮುಂಡಗೋಡ ಮೇಲೆ ಹೋಗಬೇಕು. ದೇವಿಮನೆ ಘಟ್ಟ ಹತ್ತುವಾಗ ಮಕ್ಕಳು ಹಿಂದಿನ ಸೀಟಿನಲ್ಲಿ ಮೊಬೈಲ್ ನೋಡಿದರೆ ವಾಂತಿ ಖಂಡಿತ. ಕಣ್ಣು ಪರದೆಯ ಮೇಲೆ, ಕಿವಿಯೊಳಗಿನ ಸಮತೋಲ ತಿರುವಿನ ಮೇಲೆ, ಎರಡೂ ಹೊಂದುವುದಿಲ್ಲ. ಮೊಬೈಲ್ ಕಸಿದು ಮುಂದಿನ ರಸ್ತೆ ನೋಡಿಸಿ, ಹೊಟ್ಟೆ ತುಂಬ ತಿನ್ನಿಸಬೇಡಿ.

---

ಕೆಂಗೇರಿ ಕಡೆಯವ

ಮುಂಡಗೋಡದವರ ಮಾತಿನಲ್ಲಿ ಹುರುಳಿದೆ, ಆದರೆ ಪುಣೆಯ ಹತ್ತು ವರ್ಷದ ಹುಡುಗಿಗೆ ವಂಡರ್‌ಲಾ ಎಂದು ಮಾತು ಕೊಟ್ಟು ಶಿಲ್ಪ ತೋರಿಸಿದರೆ ಅಜ್ಜಿಯ ಮರ್ಯಾದೆ ಏನಾಗಬೇಕು! ಪರಿಹಾರ ಒಂದೇ, ಮೂರನೆಯ ದೊಡ್ಡವರು ಬೇಕು. ಬೆಂಗಳೂರಿನಲ್ಲಿ ಓದುತ್ತಿರುವ ನೆಂಟರ ಮಗನೋ ಮಗಳೋ ಇದ್ದರೆ ಆ ದಿನಕ್ಕೆ ಕರೆಯಿರಿ, ಟಿಕೆಟ್ ನಿಮ್ಮದು. ಕಾಲೇಜಿನ ಗುರುತಿನ ಚೀಟಿಗೆ ಅಲ್ಲಿ ರಿಯಾಯಿತಿಯೂ ಇದೆ. ದೊಡ್ಡವಳ ಜೊತೆ ಅವರು, ಸಣ್ಣವರಿಬ್ಬರ ಜೊತೆ ನೀವು, ಯಜಮಾನರು ನೆರಳಲ್ಲಿ ಒಣಗಿಯೇ ಕೂತಿರಲಿ. ಅವರು ಒಣಗಿರುವುದು ಮುಖ್ಯ, ಏಕೆಂದರೆ ಫೋನ್ ಅವರ ಬಳಿ ಇರಬೇಕು. ಮಗುವಿನ ಕೈಗೆ ನಂಬರ್ ಬರೆದು ಆ ಫೋನನ್ನೇ ಲಾಕರಿನಲ್ಲಿಟ್ಟು ನೀರಿಗಿಳಿದರೆ, ಮಗು ತಪ್ಪಿದಾಗ ಸಿಬ್ಬಂದಿ ಲಾಕರಿಗೆ ಫೋನ್ ಮಾಡುತ್ತಿರುತ್ತಾರೆ. ನಂಬರನ್ನು ಮುಂಗೈಯ ಒಳಬದಿಗೆ ಅಳಿಸದ ಮಾರ್ಕರಿನಲ್ಲಿ ಬರೆಯಿರಿ. ಚೀಟಿ, ಕಾಗದದ ಪಟ್ಟಿ ನೀರಿನಲ್ಲಿ ಉಳಿಯುವುದಿಲ್ಲ. ಮೂವರಿಗೂ ಎದ್ದು ಕಾಣುವ ಒಂದೇ ಬಣ್ಣದ ಈಜುಡುಪು ಇರಲಿ, ನೀಲಿ ಬೇಡ; ಕೊಳದ ತಳವೂ ನೀಲಿ.

ದಿನದ ಕ್ರಮ: ಹತ್ತೂವರೆಗೆ ಗೇಟಿನಲ್ಲಿರಿ. ಮೊದಲು ನೆಲದ ಆಟ. ನೀರಿನ ಭಾಗ ತಡವಾಗಿ ತೆರೆಯುತ್ತದೆ, ಅಲ್ಲದೆ ಎಪ್ರಿಲ್-ಮೇನಲ್ಲಿ ಬೆಂಗಳೂರಿಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಮಾಮೂಲು, ಮಿಂಚು ಬಂದರೆ ಎತ್ತರದ ಆಟ ನಿಲ್ಲಿಸುತ್ತಾರೆ. ಊಟ ಹನ್ನೆರಡಕ್ಕೇ ಮುಗಿಸಿ, ಒಂದಕ್ಕೆ ಹೋದರೆ ಕ್ಯೂ. ಊಟದ ನಂತರ ಅರ್ಧ ಮುಕ್ಕಾಲು ತಾಸು ತಿರುಗುವ ಆಟ ಬೇಡ. ಅಲೆಗಳ ಕೊಳದಲ್ಲಿ ಸಣ್ಣವನ ಮಂಡಿಗಿಂತ ಮೇಲೆ ನೀರಿರುವ ಕಡೆಗೆ ಹೋಗಬೇಡಿ, ಅಲೆ ಶುರುವಾದಾಗ ಅದೇ ನೀರು ಎದೆಗೆ ಬರುತ್ತದೆ. ತುಟಿ ನೀಲಿಯಾದರೆ, ಹಲ್ಲು ಕಟಕಟ ಎಂದರೆ ಹೊರಗೆ. 'ಇನ್ನೊಂದೇ ಸಲ' ಎಂದರೆ ಒಪ್ಪಬೇಡಿ.

---

ಕಾರವಾರ ಔಷಧಂಗಡಿ

ಎರಡೇ ವಿಷಯ. ಬಿಪಿ, ಹೃದಯ, ಬೆನ್ನುನೋವು ಇರುವವರು ವೇಗದ ಆಟ ಹತ್ತಲೇಬಾರದು, ಮೊಮ್ಮಗ ಕೈ ಎಳೆದರೂ. ಬೆಳಗಿನ ಬಿಪಿ ಮಾತ್ರೆ ತಪ್ಪಿಸಬೇಡಿ. ಬಿಸಿಲಿಗೆ ನೀರು ಕಡಿಮೆಯಾದರೆ ಎದ್ದಾಗ ತಲೆ ತಿರುಗಬಹುದು, ಗಂಟೆಗೊಮ್ಮೆ ಕುಡಿಯಿರಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ ಪೂರ್ತಿ ಕರಗಿಸಬೇಕು. ಅರ್ಧ ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ.

ಇನ್ನು ಜ್ವರದ ಪ್ಯಾರಸಿಟಮಾಲ್ ಸಿರಪ್. 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವುದೂ 250 ಇರುವುದೂ ಎರಡೂ ಸಿಗುತ್ತವೆ, ಬಾಟಲಿ ನೋಡಲು ಒಂದೇ ಥರ. ಲೆಕ್ಕ ತೂಕದ ಮೇಲೆ, ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂ. 16 ಕಿಲೋದ ಮಗುವಿಗೆ 240 ಮಿ.ಗ್ರಾಂ.: 120ರದ್ದಾದರೆ 10 ಮಿ.ಲೀ., 250ರದ್ದಾದರೆ ಐದಕ್ಕಿಂತ ಸ್ವಲ್ಪ ಕಡಿಮೆ. ಪುಣೆಯ ಬಾಟಲಿಯ ಅಳತೆ ನೆನಪಿಟ್ಟು ಇಲ್ಲಿಯ ಬಾಟಲಿಯಿಂದ ಕೊಟ್ಟರೆ ದುಪ್ಪಟ್ಟು ಹೋಗಬಹುದು. ಹೊರಡುವ ಮೊದಲು ಮಕ್ಕಳ ವೈದ್ಯರಿಂದ ಮೂವರ ಅಳತೆಯನ್ನೂ ಅಪ್ಪ-ಅಮ್ಮನ ಕೈಯಲ್ಲಿ ಬರೆಸಿ ತರಿಸಿಕೊಳ್ಳಿ. ಅದೇ ಹಾಳೆಯಲ್ಲಿ ಅಲರ್ಜಿ, ರಕ್ತದ ಗುಂಪು, ವಿಮೆಯ ಕಾರ್ಡಿನ ಪ್ರತಿ, 'ಚಿಕಿತ್ಸೆ ಕೊಡಿಸಲು ಅಜ್ಜ-ಅಜ್ಜಿಗೆ ಒಪ್ಪಿಗೆ ಇದೆ' ಎಂಬ ಸಹಿ.

---

ಕುಮಟಾ ಅಕ್ಕೋರು (ನಿವೃತ್ತ)

ಎಲ್ಲರಿಗೂ ಉಪಕಾರ. ದೊಡ್ಡವಳನ್ನು ಅಳೆದು ಕಳಿಸಲು ಮಗಳಿಗೆ ಹೇಳಿದೆ, 139 ಬಂತಂತೆ. ಎಪ್ರಿಲಿಗೆ ಇನ್ನೂ ಎರಡೂವರೆ ತಿಂಗಳು ಇದೆ. ಯಾವ ಟಿಕೆಟ್ ತೆಗೆಯಲಿ? ಯಜಮಾನರಿಗೆ ಗಾಲಿಕುರ್ಚಿ ಸಿಗುತ್ತದೆಯೇ?

---

ಕೆಂಗೇರಿ ಕಡೆಯವ

ಆ ವಯಸ್ಸಿನಲ್ಲಿ ಎರಡು ತಿಂಗಳಿಗೆ ಒಂದು ಸೆಂ.ಮೀ. ಬೆಳೆಯುವುದು ಸಹಜ, ದೊಡ್ಡವರ ಟಿಕೆಟಿಗೇ ಹಣ ಎತ್ತಿಡಿ. ಆದರೆ ಅವಳದ್ದನ್ನು ಈಗಲೇ ತೆಗೆಯಬೇಡಿ. ಕುಮಟಾಕ್ಕೆ ಬಂದಮೇಲೆ ನೀವೇ ಅಳೆದು ಆನ್‌ಲೈನ್‌ನಲ್ಲಿ ಬುಕ್ ಮಾಡಿ, ವಾರದ ದಿನಕ್ಕೆ ಸಿಗುತ್ತದೆ. ರೈಲಿನ ಬುಕಿಂಗ್ ಮಾತ್ರ ಕಾಯುವುದಿಲ್ಲ. ಗಾಲಿಕುರ್ಚಿಗೆ ಪಾರ್ಕಿಗೆ ಫೋನ್ ಮಾಡಿ ಆ ದಿನಕ್ಕೆ ಹೇಳಿಡಿ, ಹಾಗೆಯೇ ಮಾತ್ರೆ, ಸಣ್ಣವನ ಆಹಾರ ಒಳಗೆ ಬಿಡುತ್ತಾರೆಯೇ ಎಂದೂ ಅದೇ ಕರೆಯಲ್ಲಿ ಕೇಳಿಬಿಡಿ. ಲಾಕರಿನ ಬಾಡಿಗೆಯ ಜೊತೆ ಠೇವಣಿಯನ್ನೂ ಹಿಡಿಯುತ್ತಾರೆ, ಹೊರಡುವಾಗ ವಾಪಸು ಪಡೆಯಲು ಕೌಂಟರಿನಲ್ಲಿ ಸಾಲು ಇರುತ್ತದೆ. ಮುಚ್ಚುವ ಅರ್ಧ ತಾಸು ಮೊದಲೇ ಯಜಮಾನರನ್ನು ಅಲ್ಲಿಗೆ ಕಳಿಸಿ.